ಹದಿನಾಲ್ಕು ಪಿನ್ನು, ಒಂದು ಕುಂಕುಮ

ಯಾವ ಕಸುಬು ಮಾಡಿದರೂ ಅದರಿಂದ ಒಂದು ಚಟ ಅಂಟಿಕೊಳ್ಳುತ್ತದೆ. ದರ್ಜಿಯಾದವನು ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಹೆಗಲು ನೋಡುತ್ತಾನೆ. ಬಸ್ ಕಂಡಕ್ಟರಾಗಿದ್ದ ನನ್ನ ಸೋದರಮಾವ ನಿವೃತ್ತನಾದ ಮೇಲೂ ಮದುವೆಮನೆಯ ಬಾಗಿಲಲ್ಲಿ ನಿಂತ ಜನರನ್ನು ಕಂಡರೆ 'ಒಳಗೆ ಸರೀರಿ, ಒಳಗೆ ಸರೀರಿ' ಎನ್ನುತ್ತಿದ್ದ. ನನಗೆ ಅಂಟಿರುವುದು ಹೆಬ್ಬೆರಳಿನ ಚಟ. ಎಲ್ಲೇ ಒಂದು ಹಲಗೆ, ಮೇಜು, ಮಂಚ ಕಂಡರೂ ಅದರ ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿ ನೋಡುತ್ತೇನೆ. ಬಗ್ಗುತ್ತದೋ ಇಲ್ಲವೋ ಎಂದು ತಿಳಿಯುವವರೆಗೆ ನನಗೆ ಸಮಾಧಾನವಿಲ್ಲ. ಹೋದ ವರ್ಷ ನಾಯಕನಹಟ್ಟಿಯಲ್ಲಿ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಉದ್ದನೆಯ ಮೇಜು, ಸಾಲಾಗಿ ಎಲೆ, ಆಗ ತಾನೇ ಸಾರು ಬಡಿಸಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಮೇಜಿನ ನಡುವೆ ಒತ್ತಿದೆ. ಮೇಜು ಬಗ್ಗಿತು, ನನ್ನ ಎಲೆಯ ಸಾರು ಪಕ್ಕದ ಹಿರಿಯರ ಹೋಳಿಗೆಯನ್ನು ಹುಡುಕಿಕೊಂಡು ಹೋಯಿತು. ನಾನು ಹುಡುಗನ ತಂದೆಯನ್ನು ಕರೆದು, 'ನಡುವೆ ಒಂದು ಆಸರೆ ಕೊಡಬೇಕಿತ್ತು' ಎಂದು ತಿಳಿಹೇಳಿದೆ. ಅವರು ಊಟದಲ್ಲಿ ಏನೋ ಕೊರತೆಯಾಯಿತೆಂದು ತಿಳಿದು ಕೈ ಮುಗಿದರು. ನನ್ನ ಹೆಂಡತಿ ಪದ್ಮ ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದಳು. ಕೊನೆಗೆ, 'ನಿಮ್ಮನ್ನ ಕರ್ಕಂಡು ನಾಕು ಜನದ ಮಧ್ಯೆ ಹೋಗಾಕೆ ನಾಚ್ಕೆ ಆಗ್ತೈತೆ ಕಣ್ರೀ' ಅಂದಳು.

ನಾಚಿಕೆಪಡುವಂಥದ್ದೇನೂ ಇಲ್ಲ. ಇದು ನನ್ನ ವೃತ್ತಿಯ ಗುರುತು. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳ ಹಿಂದೆ ಒಂದು ಶೆಡ್ಡಿದೆ. ಅದರಲ್ಲಿ ನಾವು ಬೋರ್‌ವೆಲ್ ಮೋಟಾರುಗಳ ಸ್ಟಾರ್ಟರ್ ಡಬ್ಬಿಯೊಳಗೆ ಕೂರುವ ಬೋರ್ಡು ತಯಾರಿಸುತ್ತೇವೆ. ಕರೆಂಟು ಏರುಪೇರಾದಾಗ ಮೋಟಾರು ಸುಟ್ಟುಹೋಗದಂತೆ ತಾನೇ ನಿಲ್ಲಿಸುವುದು ಆ ಬೋರ್ಡಿನ ಕೆಲಸ. ಶೆಡ್ಡಿನ ಯಜಮಾನರು ಮಹೇಶಪ್ಪ. ಅವರ ತಂದೆ, ಅಜ್ಜ ಎಲ್ಲ ಶೇಂಗಾ ಎಣ್ಣೆಯವರು. ಆದ್ದರಿಂದ ಅವರಿಗೆ ಯಾವ ಯಂತ್ರವಾದರೂ ಒಂದು ಕಡೆ ಕಾಳು ಸುರಿದರೆ ಇನ್ನೊಂದು ಕಡೆ ಎಣ್ಣೆ ಬರಬೇಕು. ನಡುವೆ ಏನಾಗುತ್ತದೆಂಬ ವಿಚಾರ ಬೇಡ. ಎರಡು ವರ್ಷದ ಕೆಳಗೆ ಅವರು ಬೋರ್ಡಿನ ಮೇಲೆ ಪಾರ್ಟು ಕೂರಿಸುವ ಒಂದು ಹಳೆಯ ಮಷೀನು ತಂದರು. ಅದಕ್ಕೆ ಮೊದಲು ಎಲ್ಲವನ್ನೂ ಕೈಯಲ್ಲೇ ಬೆಸುಗೆ ಹಾಕುತ್ತಿದ್ದೆವು. ಈ ಮಷೀನಿಗೆ ಕೊಕ್ಕರೆಯ ಹಾಗೆ ಒಂದು ಕೊಕ್ಕಿದೆ. ರಾಗಿಕಾಳಿನಷ್ಟು, ಸಾಸಿವೆಯಷ್ಟು ಇರುವ ಪಾರ್ಟುಗಳನ್ನು ಪಟ್ಟಿಯಿಂದ ಹೆಕ್ಕಿ ತಂದು, ಬೋರ್ಡಿನ ಮೇಲೆ ಮೊದಲೇ ಬಳಿದಿಟ್ಟ ಬೆಸುಗೆಯ ಪೇಸ್ಟಿನ ಮೇಲೆ ಟಕ್ ಟಕ್ ಎಂದು ಕೂರಿಸುತ್ತದೆ. ಆಮೇಲೆ ಬೋರ್ಡು ಒಲೆಯೊಳಗೆ ಹೋಗಿ ಪೇಸ್ಟು ಕರಗಿ ಗಟ್ಟಿಯಾಗುತ್ತದೆ.

ಇಲ್ಲಿ ನನ್ನ ಪ್ರವೇಶ. ಬೋರ್ಡು ಅಂದರೆ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದಷ್ಟು ಅಗಲದ ತೆಳ್ಳನೆಯ ಹಲಗೆ. ಮಷೀನಿನಲ್ಲಿ ಅದು ಎರಡು ಅಂಚುಗಳ ಮೇಲೆ ಮಾತ್ರ ಕೂತಿರುತ್ತದೆ. ನಡುವೆ ಆಸರೆಯಿಲ್ಲ. ಕೊಕ್ಕು ಬಂದು ಕುಟ್ಟಿದಾಗ ನವಾರ ಸಡಿಲವಾದ ಮಂಚದಂತೆ ಕುಣಿಯುತ್ತದೆ. ಕುಣಿದರೆ ಆಗಲೇ ಕೂತಿದ್ದ ಪಾರ್ಟುಗಳು ಎದ್ದು ಜಾಗ ಬಿಡುತ್ತವೆ. ಅದಕ್ಕೆ ಬೋರ್ಡಿನ ಕೆಳಗಿನ ಉಕ್ಕಿನ ಹಾಸಿನ ಮೇಲೆ, ಕಿರುಬೆರಳುದ್ದದ, ಬುಡದಲ್ಲಿ ಅಯಸ್ಕಾಂತವಿರುವ ಪಿನ್ನುಗಳನ್ನು ಅಲ್ಲಲ್ಲಿ ನಿಲ್ಲಿಸಬೇಕು. ಅವುಗಳ ತಲೆಯ ಮೇಲೆ ಬೋರ್ಡು ಕೂರುತ್ತದೆ, ಬಗ್ಗುವುದಿಲ್ಲ. ಆ ಪಿನ್ನುಗಳನ್ನು ನಿಲ್ಲಿಸುವವನು ನಾನು. ಬೋರ್ಡು ಬದಲಾದಾಗಲೆಲ್ಲ ಪಿನ್ನು ಕಿತ್ತು ಬೇರೆ ಜಾಗದಲ್ಲಿ ನಿಲ್ಲಿಸಬೇಕು. ಎಲ್ಲಿ ನಿಲ್ಲಿಸಬೇಕೆಂದು ನನ್ನ ಹೆಬ್ಬೆರಳು ಒತ್ತಿ ನೋಡಿ ಹೇಳುತ್ತದೆ. ಬಂದವರಿಗೆಲ್ಲ ಮಹೇಶಪ್ಪನವರು, 'ಮಷೀನು ಕೂರಿಸ್ತೈತೆ ನಿಜ, ಆದ್ರೆ ಮಷೀನಿಗೆ ಬೆನ್ನು ಕೊಡೋನು ನಮ್ ತಿಪ್ಪೇಸ್ವಾಮಿ' ಎಂದು ತೋರಿಸುತ್ತಿದ್ದರು. ನಮ್ಮ ಸೀಮೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಿಪ್ಪೇಸ್ವಾಮಿ ಎಂದು ಕೂಗಿದರೆ ಅರ್ಧ ಜನ ತಿರುಗಿ ನೋಡುತ್ತಾರೆ. ಆ ಅರ್ಧ ಜನದಲ್ಲಿ ಮಷೀನಿಗೆ ಬೆನ್ನು ಕೊಟ್ಟವನು ನಾನೊಬ್ಬನೇ. ಸ್ವಲ್ಪ ಎದೆಯುಬ್ಬಿಸಿ ನಡೆಯುತ್ತಿದ್ದೆನೆಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಬುದ್ಧಿಯಿಲ್ಲದೆ ಬಿಟ್ಟೆನೆಂದು ತಿಳಿಯಬೇಡಿ. ಆ ವರ್ಷ ಹೆಡ್‌ಮಾಸ್ತರರ ರೇಡಿಯೋ ಕೆಟ್ಟಿತ್ತು. ಅವರು ಊಟಕ್ಕೆ ಹೋದಾಗ ನಾನು ಅದನ್ನು ಬಿಚ್ಚಿ, ಒಂದು ತಂತಿ ಸೇರಿಸಿ, ಮತ್ತೆ ಮುಚ್ಚಿಟ್ಟೆ. ರೇಡಿಯೋ ಹಾಡಿತು. ಆದರೆ ಮೂರು ಸ್ಕ್ರೂ ಮಿಕ್ಕವು. ಹೆಡ್‌ಮಾಸ್ತರರು ರೇಡಿಯೋ ಹಾಡಿದ್ದನ್ನು ಮರೆತು, ಮಿಕ್ಕ ಮೂರು ಸ್ಕ್ರೂಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ನನ್ನ ಅಪ್ಪನಿಗೆ ತೋರಿಸಿದರು. ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಅದೇ ವಾರ ನನ್ನನ್ನು ಸಂತೆಬೀದಿಯ ಒಂದು ರೇಡಿಯೋ ರಿಪೇರಿ ಅಂಗಡಿಗೆ ಸೇರಿಸಿದ. ಅಲ್ಲಿಯ ಉಸ್ತಾದರು ಮೊದಲ ದಿನವೇ, 'ಸ್ಕ್ರೂ ಮಿಕ್ಕಿದ್ರೆ ಪರ್ವಾ ಇಲ್ಲ ಬೇಟಾ, ಕಮ್ಮಿ ಬಿದ್ರೆ ಹೇಳು' ಅಂದರು. ನನ್ನ ವಿದ್ಯಾಭ್ಯಾಸ ಶುರುವಾದದ್ದು ಅಲ್ಲಿಂದಲೇ ಎಂದು ನನ್ನ ಅಭಿಪ್ರಾಯ.

ಇಷ್ಟು ಹೆಮ್ಮೆಯ ಬಾಳಿಗೆ ಕಂಟಕ ಬಂದದ್ದು ಒಂದು ಹೊಸ ಬೋರ್ಡಿನ ರೂಪದಲ್ಲಿ. ಸ್ಟಾರ್ಟರ್ ಡಬ್ಬಿ ಮಾಡುವ ಪಾರ್ಟಿಯವರು ಡಬ್ಬಿಯನ್ನು ಸಣ್ಣದು ಮಾಡಿದರು. ಡಬ್ಬಿ ಸಣ್ಣದಾದ ಮೇಲೆ ಬೋರ್ಡಿನ ಒಂದೇ ಮುಖದಲ್ಲಿ ಪಾರ್ಟು ಹಿಡಿಸಲಿಲ್ಲ. ಎರಡೂ ಮುಖದಲ್ಲಿ ಕೂರಿಸಬೇಕಾಯಿತು. ಮೊದಲ ಮುಖ ಸುಲಭ. ಕೆಳಗೆ ಬರಿದು, ಪಿನ್ನು ಎಲ್ಲಿ ನಿಂತರೂ ಯಾರಿಗೂ ನೋವಿಲ್ಲ. ಆಮೇಲೆ ಬೋರ್ಡು ಮಗುಚಿ ಎರಡನೇ ಮುಖಕ್ಕೆ ಹೋದಾಗ ಫಜೀತಿ. ಈಗ ಕೆಳಮುಖದಲ್ಲಿ ಆಗಲೇ ನೂರಾರು ಪಾರ್ಟುಗಳು ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಪಿನ್ನುಗಳು ಅವುಗಳ ನಡುವೆ ಬರಿದಿರುವ ಜಾಗದಲ್ಲೇ ನಿಲ್ಲಬೇಕು. ಕಣದ ತುಂಬ ಶೇಂಗಾ ಒಣಹಾಕಿದ್ದಾರೆ, ಒಂದು ಕಾಯಿಯನ್ನೂ ತುಳಿಯದೆ ಹದಿನಾಲ್ಕು ಜನ ಒಳಗೆ ಹೋಗಿ ನಿಲ್ಲಬೇಕು ಅಂದರೆ ಹೇಗೋ ಹಾಗೆ. ಅದೂ ಕಣ್ಣು ಕಟ್ಟಿಕೊಂಡು, ಏಕೆಂದರೆ ಬೋರ್ಡು ಕೂತ ಮೇಲೆ ಅದರ ಅಡಿ ಕಾಣುವುದಿಲ್ಲ.

ಮೊದಲ ಸಲ ನಾನು ನನ್ನ ಹೆಬ್ಬೆರಳನ್ನೇ ನಂಬಿ ಪಿನ್ನು ನಿಲ್ಲಿಸಿದೆ. ಐದು ಬೋರ್ಡು ಓಡಿದವು. ನಮ್ಮಲ್ಲಿ ಬೋರ್ಡು ಪರೀಕ್ಷೆ ಮಾಡುವವರು ಶಬಾನಕ್ಕ. ದೀಪವಿರುವ ದೊಡ್ಡ ಭೂತಗನ್ನಡಿಯ ಗಾಜಿನ ಹಿಂದೆ ಕೂತು, ಎಲ್ಲಿ ತಪ್ಪಿದೆಯೋ ಅಲ್ಲಿ ಬಾಣದ ಆಕಾರದ ಒಂದು ಕೆಂಪು ಚೀಟಿ ಅಂಟಿಸುವುದು ಅವರ ಕೆಲಸ. ಅವರು ಐದೂ ಬೋರ್ಡು ನೋಡಿ ನನ್ನ ಕಡೆ ತಳ್ಳಿದರು.

'ತಿಪ್ಪೇಶಣ್ಣ, ಇವತ್ತು ನಿಮ್ ಬೋರ್ಡಿಗೆ ಕುಂಕುಮ ಜಾಸ್ತಿ ಆತು ನೋಡ್ರಿ.'

ಕೆಳಮುಖದಲ್ಲಿ ಪಿನ್ನಿನ ತಲೆ ತಗುಲಿದ ಕಡೆಯೆಲ್ಲ ಪಾರ್ಟುಗಳು ಸೀಳಿಹೋಗಿದ್ದವು. ಆ ಪಿನ್ನುಗಳನ್ನು ತೆಗೆದೆ. ಈಗ ಬೋರ್ಡು ಕುಣಿದು ಮೇಲಿನ ಪಾರ್ಟುಗಳು ಅಡ್ಡಾದಿಡ್ಡಿ ಕೂತವು. ಪಿನ್ನು ಇಟ್ಟರೆ ಕೆಳಗಿನವು ಸಾಯುತ್ತವೆ, ತೆಗೆದರೆ ಮೇಲಿನವು ಓಡಿಹೋಗುತ್ತವೆ. ಶಬಾನಕ್ಕನೇ ಒಂದು ಉಪಾಯ ಹೇಳಿದರು: 'ಒಂದು ರಟ್ಟಿಗೆ ಸರಿಯಾದ ಜಾಗದಾಗೆ ತೂತು ಮಾಡ್ಕಂಡು ಹಾಸಿನ ಮೇಲೆ ಇಟ್ಕಳ್ರಿ. ತೂತಿನಾಗೆ ಪಿನ್ನು ನಿಲ್ಸಿದ್ರೆ ಮುಗೀತಲ್ಲ.' ನನಗೆ ರೇಗಿತು. ನಡೆಯಲು ಬಾರದ ಮಕ್ಕಳಿಗೆ ತಳ್ಳುವ ಗಾಡಿ ಕೊಡುತ್ತಾರಲ್ಲ, ಹಾಗೆ ಕೇಳಿಸಿತು. 'ರಟ್ಟು ನೋಡಿ ಕೆಲ್ಸ ಮಾಡೋದಾದ್ರೆ ನಾನ್ಯಾಕೆ ಬೇಕು ಶಬಾನಕ್ಕ, ನನ್ ಕೈಗೆ ಕಣ್ಣು ಐತೆ' ಅಂದೆ. ಅವರು, 'ಹಂಗಾದ್ರೆ ಆ ಕಣ್ಣಿಗೆ ಕನ್ನಡಕ ಬೇಕಾಗೈತೆ' ಎಂದು ಮುಂದಿನ ಬೋರ್ಡಿಗೆ ಚೀಟಿ ಅಂಟಿಸಲು ಶುರುಮಾಡಿದರು.

ಶನಿವಾರ ಮಹೇಶಪ್ಪನವರು ಬಂದು ಕೆಂಪು ಚೀಟಿಗಳ ರಾಶಿ ನೋಡಿದರು. ಅವರು ಜೋರು ಮಾಡುವವರಲ್ಲ. ಮಿಲ್ಲಿನ ಸದ್ದಿನಲ್ಲಿ ಬೆಳೆದವರು, ಜೋರು ಮಾಡಿ ಪ್ರಯೋಜನವಿಲ್ಲವೆಂದು ಬಲ್ಲವರು.

'ನೋಡಪ್ಪ ತಿಪ್ಪೇಶಿ, ಸೋಮವಾರ ಸಾಯಂಕಾಲ ಪಾರ್ಟಿ ಕಡೆ ಇಂಜಿನಿಯರ್ ಬರ್ತಾರೆ. ಐವತ್ತು ಬೋರ್ಡು ಚೊಕ್ಕ ಇರೋವು ಅವರ ಕೈಗೆ ಕೊಡ್ಬೇಕು. ಆಗ್ಲಿಲ್ಲಾ, ಈ ಎರಡು ಮುಖದ ಕೆಲ್ಸ ನಮಗೆ ಬ್ಯಾಡ. ಹೊರಗೆ ಮಾಡುಸ್ತೀನಿ, ಮಷೀನು ಕೊಟ್ಬಿಡ್ತೀನಿ. ನೀನು ಮೊದಲಿನಂಗೆ ವೈರು ಬೆಸುಗೆಗೆ ಕುತ್ಕಳೋವಂತೆ.'

ವೈರು ಬೆಸುಗೆಯ ಬೆಂಚು ಶೆಡ್ಡಿನ ಮೂಲೆಯಲ್ಲಿದೆ. ಕೆಟ್ಟ ಕೆಲಸವೇನಲ್ಲ, ನಾನೇ ಏಳು ವರ್ಷ ಮಾಡಿದ್ದೇನೆ. ಆದರೆ ಮಷೀನಿಗೆ ಬೆನ್ನು ಕೊಟ್ಟವನು ಮತ್ತೆ ಆ ಮೂಲೆಯಲ್ಲಿ ಅದಕ್ಕೇ ಬೆನ್ನು ಹಾಕಿ ಕೂರುವುದೆಂದರೆ ಹೇಗಿರುತ್ತದೆಂದು ನೀವೇ ಯೋಚಿಸಿ. ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಮೊಳಕಾಲ್ಮೂರಿನ ನನ್ನ ಮಾವನವರಿಗೆ ನಾನು ಈ ಮಷೀನಿನ ವಿಷಯ ಬೇಕಾದ್ದಕ್ಕಿಂತ ಹೆಚ್ಚು ಹೇಳಿಬಿಟ್ಟಿದ್ದೆ.

ಮಾವ ನಾರಾಯಣಪ್ಪ ರೇಷ್ಮೆ ಸೀರೆ ನೇಯುವವರು. ಮನೆಯ ಪಡಸಾಲೆಯಲ್ಲೇ ಗುಂಡಿಮಗ್ಗ. ನಮ್ಮ ಮನೆತನದವರೂ ಮೊದಲು ನೇಕಾರರೇ. ನನ್ನ ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟು ಚಳ್ಳಕೆರೆಗೆ ಬಂದರು. ಮಾವ ಇದನ್ನು ಮರೆಯಲೂ ಇಲ್ಲ, ಮರೆಯಲು ಬಿಡಲೂ ಇಲ್ಲ. ನಾನು ಹೋದಾಗಲೆಲ್ಲ ಅಳಿಯನೆಂದು ಮೊದಲ ತಟ್ಟೆ ನನಗೇ ಹಾಕಿಸುತ್ತಾರೆ, ಎರಡನೇ ತುತ್ತಿಗೆ, 'ಏಮಿ ಅಲ್ಲುಡೂ, ನಿಮ್ ಮಷೀನು ಎಂಗೈತೆ' ಎಂದು ಶುರುಮಾಡುತ್ತಾರೆ. ಅಲ್ಲುಡು ಅಂದರೆ ಅಳಿಯ; ಅವರ ಮನೆಯಲ್ಲಿ ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತದೆ, ಜಗಳವಾದರೆ ಮಾತ್ರ ಪೂರ್ತಿ ತೆಲುಗು. ಹಿಂದೊಮ್ಮೆ ನಾನು, 'ನೀವು ಒಂದು ಹೂವು ನೇಯೋದ್ರೊಳಗೆ ನಮ್ ಮಷೀನು ಒಂದು ಬೋರ್ಡಿನ ಅಷ್ಟೂ ಪಾರ್ಟು ಕೂರಿಸ್ತೈತೆ ಮಾವ' ಅಂದಿದ್ದೆ. ಅವರು ಲಾಳಿ ನಿಲ್ಲಿಸದೆ, 'ಆ ಬೋರ್ಡು ಉಟ್ಕಂಡು ಮದುವೆಗೆ ಹೋಗಾಕಾಗ್ತೈತಾ' ಅಂದಿದ್ದರು.

ಭಾನುವಾರ ಪದ್ಮ ತವರಿಗೆ ಹೊರಟಿದ್ದಳು. ಮಾವ ನೇಯ್ದ ಸೀರೆಗಳಿಗೆ ಕುಚ್ಚು ಕಟ್ಟುವವಳು ಅವಳೇ; ಕಟ್ಟಿದ್ದನ್ನು ಕೊಟ್ಟು, ಕಟ್ಟಬೇಕಾದ್ದನ್ನು ತರಬೇಕಿತ್ತು. ನಾನೂ ಹೊರಟೆ. ಊಟದ ಚೀಲದಲ್ಲಿ ಒಂದು ಹಾಳಾದ ಬೋರ್ಡನ್ನೂ ಒಂದು ಪಿನ್ನನ್ನೂ ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಹೋಗುತ್ತ ಹೋಗುತ್ತ ನನಗೊಂದು ಅದ್ಭುತವಾದ ವಿಚಾರ ಹೊಳೆಯಿತು. ಒಂದು ರಟ್ಟಿಗೆ ಸರಿಯಾದ ಜಾಗದಲ್ಲಿ ತೂತು ಮಾಡಿಕೊಂಡರೆ ಹೇಗೆ? ಇದನ್ನು ಮೊದಲೇ ಎಲ್ಲೋ ಕೇಳಿದಂತಿತ್ತು, ಎಲ್ಲೆಂದು ನೆನಪಾಗಲಿಲ್ಲ. ಮಾವನ ಮನೆಯಲ್ಲಿ ರಟ್ಟಿಗೆ ತೂತು ಹೊಡೆಯುವುದೇ ಒಂದು ಕಸುಬು. ಸೀರೆಯ ಹೂವು, ಬಳ್ಳಿ, ನವಿಲು ಎಲ್ಲವೂ ಮಗ್ಗದ ಮೇಲೆ ನೇತಾಡುವ ತೂತಿನ ಕಾರ್ಡುಗಳಲ್ಲಿರುತ್ತವೆ. ಎಲ್ಲಿ ತೂತಿದೆಯೋ ಆ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಸುಮ್ಮನಿರುತ್ತದೆ. ಆ ಕಾರ್ಡುಗಳಿಗೆ ತೂತು ಹೊಡೆಯುವುದರಲ್ಲಿ ಮಾವನದು ಎತ್ತಿದ ಕೈ.

ಆದರೆ ಕೇಳುವುದು ಹೇಗೆ? ಮಷೀನಿನವನು ಮಗ್ಗದವರ ಹತ್ತಿರ ಸಹಾಯ ಕೇಳಲಾದೀತೇ? ಊಟವಾದ ಮೇಲೆ ನಾನು ಬೋರ್ಡನ್ನು ಅವರಿಗೆ ಕಾಣುವಂತೆ ಜಗಲಿಯ ಮೇಲೆ ಇಟ್ಟು, ಬೇರೆ ಕಡೆ ನೋಡುತ್ತ ಕೂತೆ. ಮಾವ ಅರ್ಧ ಗಂಟೆ ನೋಡಿಯೂ ನೋಡದಂತಿದ್ದರು. ಕೊನೆಗೆ ಎದ್ದು ಬಂದರು.

'ಏಮಿದಿ ಅಲ್ಲುಡೂ, ಅಲಂಕಾರ ಮಾಡಿದಂಗೈತಲ್ಲ, ಕೆಂಪು ಕೆಂಪು.'

'ಏನಿಲ್ಲ ಮಾವ. ಒಂದು ಸಣ್ಣ ರಟ್ಟು ಬೇಕಿತ್ತು. ಹದಿನಾಲ್ಕು ತೂತು. ಚಳ್ಳಕೆರೆಯಾಗೆ ಮಾಡೋರು ಬೇಕಾದಷ್ಟು ಜನ ಅದಾರೆ...'

'ಮತ್ತೆ ಅವ್ರತ್ರನೇ ಮಾಡುಸ್ಬೇಕಿತ್ತು.'

'ಭಾನುವಾರ ರಜಾ.'

ಮಾವ ನಕ್ಕರು. ನಗುವಾಗ ಅವರ ಭುಜ ಮಾತ್ರ ಅಲುಗುತ್ತದೆ, ಬಾಯಿ ಮುಚ್ಚಿರುತ್ತದೆ. ಒಳಗಿನಿಂದ ಕಾರ್ಡಿನ ಒಂದು ದೊಡ್ಡ ಹಾಳೆ ತಂದರು. ಇನ್ನೂ ಪಟ್ಟಿಗಳಾಗಿ ಕತ್ತರಿಸದ ಗಟ್ಟಿ ಹಾಳೆ. ಕಾರ್ಡಿನ ತುದಿಯಲ್ಲಿ ಗೂಟ ಕೂರುವ ದೊಡ್ಡ ತೂತು ಹೊಡೆಯುವ ಉಳಿಯೊಂದಿತ್ತು. ಅದರ ತೂತಿಗೆ ನನ್ನ ಪಿನ್ನು ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತು. ನಾನು ಬೋರ್ಡಿನ ಅಡಿಯನ್ನು ನೋಡಿ, ಬರಿದಾದ ಜಾಗಗಳನ್ನು ಒಂದು ಕಾಗದದ ಮೇಲೆ ಗುರುತು ಹಾಕಿದೆ. ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ಗಮನಿಸಬೇಕು. ಬೋರ್ಡಿನ ಅಡಿಯನ್ನು ನಮ್ಮ ಕಡೆ ತಿರುಗಿಸಿ ನೋಡಿದಾಗ ಎಡಕ್ಕೆ ಕಾಣುವುದು, ಅದನ್ನು ಮಗುಚಿ ಮಷೀನಿನಲ್ಲಿಟ್ಟಾಗ ಬಲಕ್ಕೆ ಹೋಗುತ್ತದೆ. ಈ ಗುಟ್ಟು ಗೊತ್ತಿದ್ದ ನಾನು ಎಡಬಲವನ್ನು ಅದಲುಬದಲು ಮಾಡಿಯೇ ಗುರುತು ಹಾಕಿದ್ದೆ. ಮಾವನಿಗೆ ಇದನ್ನೆಲ್ಲ ವಿವರಿಸಲಿಲ್ಲ. ಮಗ್ಗದವರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಮಾವ ಕನ್ನಡಕ ಹಾಕಿಕೊಂಡು ನನ್ನ ಕಾಗದವನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಹೂಂ ಎಂದರು. ಕೊಡತಿಯಿಂದ ಉಳಿಯ ಮೇಲೆ ಹದಿನಾಲ್ಕು ಏಟು. ಒಂದು ಏಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವರ ಕೈಚಳಕ ನೋಡಿ ನನ್ನ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು ಕೂಡ. ಮುಗಿದ ಮೇಲೆ ಅತ್ತೆಯನ್ನು ಕರೆದರು. ಅತ್ತೆ ಅರಿಶಿನ ಕುಂಕುಮದ ಬಟ್ಟಲು ತಂದು, ಕಾರ್ಡಿನ ಮೂಲೆಗೆ ಬೊಟ್ಟಿಟ್ಟು ಕಣ್ಣಿಗೊತ್ತಿಕೊಂಡರು. ಅವರ ಮನೆಯಲ್ಲಿ ಹೊಸ ಕಾರ್ಡಿಗೆ ಕುಂಕುಮವಿಡದೆ ಮಗ್ಗಕ್ಕೆ ಏರಿಸುವುದಿಲ್ಲ. ನಾನೂ ಕಣ್ಣಿಗೊತ್ತಿಕೊಂಡೆ. ಮನಸ್ಸಿನಲ್ಲಿ ಮಾತ್ರ, 'ಉಪಾಯ ನನ್ನದು, ತೂತು ಅವರದು' ಎಂದು ಪಾಲು ಹಂಚಿಕೊಂಡೆ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಹಾಸನ್ನು ಒರೆಸಿ, ಕುಂಕುಮದ ಮುಖ ಮೇಲೆ ಬರುವಂತೆ ಕಾರ್ಡಿಟ್ಟು, ಹದಿನಾಲ್ಕು ಪಿನ್ನು ನಿಲ್ಲಿಸಿದೆ. ಶಬಾನಕ್ಕನನ್ನು ಕರೆದು ತೋರಿಸಿದೆ. 'ಇದು ನಾನ್ ಹೇಳಿದ್ದಲ್ವಾ' ಅಂದರು. 'ನೀವು ಹೇಳಿದ್ದು ರಟ್ಟು. ಇದು ಕಾರ್ಡು' ಅಂದೆ. ಮಹೇಶಪ್ಪನವರೂ ಬಂದು ನಿಂತರು. ಬೋರ್ಡು ಒಳಗೆ ಹೋಯಿತು, ಕೊಕ್ಕು ಇಳಿಯಿತು. ಟಕ್, ಟಕ್, ಟಕ್, ಆಮೇಲೆ ಒಂದು ಟಿಕ್. ಟಕ್ ಎಂದರೆ ಪಾರ್ಟು ಕೂತ ಸದ್ದು. ಟಿಕ್ ಎಂದರೆ ಏನೆಂದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಶಬಾನಕ್ಕ ಬೋರ್ಡು ತಿರುಗಿಸಿ ನೋಡಿದರು. ಒಂಬತ್ತು ಕೆಂಪು ಚೀಟಿ. ಒಂದೇ ಬೋರ್ಡಿಗೆ ಹಿಂದೆಂದೂ ಅಷ್ಟು ಬಿದ್ದಿರಲಿಲ್ಲ. ನನ್ನ ಕುರುಡು ಹೆಬ್ಬೆರಳೇ ಮೇಲಾಗಿತ್ತು. ಮಹೇಶಪ್ಪನವರು ಮೂಲೆಯ ವೈರು ಬೆಸುಗೆಯ ಬೆಂಚಿನ ಮೇಲಿದ್ದ ಖಾಲಿ ಡಬ್ಬಗಳನ್ನು ಒಂದು ಕಡೆ ಸರಿಸಿಟ್ಟು ಹೋದರು. ನನಗೆ ಅರ್ಥವಾಯಿತು.

ಮಧ್ಯಾಹ್ನ ಮನೆಗೆ ಬಂದವನೇ ಮಾವನಿಗೆ ಫೋನು ಹಚ್ಚಿದೆ. ಪದ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

'ಮಾವ, ನಿಮ್ ಕಾರ್ಡು ನನ್ ಮರ್ಯಾದೆ ತೆಗೀತು.'

'ನನ್ ಕಾರ್ಡಾ? ನಲವತ್ತು ವರ್ಷದಿಂದ ಹೊಡೀತಾ ಇದೀನಿ ಅಲ್ಲುಡೂ, ಒಂದು ನವಿಲಿನ ಕಣ್ಣು ಆಚೀಚೆ ಆಗಿಲ್ಲ. ನಿಮ್ ಗುರುತೇ ಸರಿ ಇರ್ಲಿಕ್ಕಿಲ್ಲ.'

'ಗುರುತು ಹಾಕಿದ್ದು ನಾನು. ಮಷೀನಿನ ಕೆಲ್ಸ ನನಗೆ ಹೇಳ್ತೀರಾ?'

ಅಲ್ಲಿಂದ ಮುಂದೆ ಮಾವನವರು ಪೂರ್ತಿ ತೆಲುಗಿಗೆ ಹೋದರು. ಪದ್ಮ ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟಳು.

'ನಾನ್ನಾ, ಒಂದ್ ನಿಮಿಷ. ಇವ್ರು ಕೊಟ್ಟ ಕಾಗದ ಇದ್ದಂಗೇ ಹೊಡೆದ್ಯಾ, ತಿರುಗ್ಸಿ ಹೊಡೆದ್ಯಾ?'

'ಇದ್ದಂಗೆ ಯಾರು ಹೊಡೀತಾರೆ ತಲ್ಲೀ. ಸೀರೆ ಮುಖ ಕೆಳಗಿರ್ತೈತೆ, ತಿರುಗ್ಸೇ ಹೊಡೀಬೇಕು. ನಿನ್ ಗಂಡಂಗೆ ಇದೆಲ್ಲ ಗೊತ್ತಿರಲ್ಲ ಅಂತ ನಾನೇ ತಿರುಗ್ಸಿದೆ.'

ಪದ್ಮ ನನ್ನ ಕಡೆ ನೋಡಿದಳು. 'ನೀವು?'

'ನಾನೂ ತಿರುಗ್ಸೇ ಬರೆದಿದ್ದೆ' ಅಂದೆ. 'ನಿಮ್ಮಪ್ಪಂಗೆ ಗೊತ್ತಿರಲ್ಲ ಅಂತ.'

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಭುಜ ಅಲುಗುತ್ತಿತ್ತೋ ಇಲ್ಲವೋ ನನಗೆ ಕಾಣುವಂತಿರಲಿಲ್ಲ. ಪದ್ಮ ಹೆಂಚಿನ ಮೇಲಿದ್ದ ರೊಟ್ಟಿಯ ಅಂಚು ಹಿಡಿದು, ಒಂದೇ ಸಲಕ್ಕೆ ಮಗುಚಿ ಹಾಕಿದಳು.

'ಹಂಗಾದ್ರೆ ಇಷ್ಟೇ ತಾನೇ' ಅಂದಳು.

ಇಷ್ಟೇ. ಇಬ್ಬರು ಬುದ್ಧಿವಂತರು ಎರಡು ಸಲ ತಿರುಗಿಸಿ ಕಾರ್ಡನ್ನು ಮೊದಲಿದ್ದ ಜಾಗಕ್ಕೇ ತಂದು ನಿಲ್ಲಿಸಿದ್ದೆವು. ಅದನ್ನು ಇನ್ನೊಂದು ಸಲ ಮಗುಚಿದರೆ ಆಯಿತು. ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ. 'ಕುಂಕುಮ ಕೆಳಗಾಗ್ತೈತಲ್ಲೇ. ಕುಂಕುಮ ಇಟ್ಟ ಮುಖ ಬೋರಲು ಹಾಕೋದಾ? ಅದಕ್ಕೇ ನನಗೆ ಮಗುಚ್ಬೇಕು ಅಂತ ಹೊಳೀಲಿಲ್ಲ' ಅಂದೆ. ನಿಜಕ್ಕೂ ಅದೇ ಕಾರಣ. ಕುಂಕುಮವಿರುವ ಕಡೆ ಮುಖ, ಇಲ್ಲದ ಕಡೆ ಬೆನ್ನು ಎಂದು ನನ್ನ ಕೈ ತೀರ್ಮಾನ ಮಾಡಿಬಿಟ್ಟಿತ್ತು.

'ಸೀರೆ ಹುಟ್ಟೋದೇ ಬೋರಲಾಗಿ ಕಣ್ರೀ' ಅಂದಳು ಪದ್ಮ. 'ನಮ್ಮಪ್ಪ ಅಡಿಗೆ ಕನ್ನಡಿ ಹಿಡ್ಕಂಡು ಅದರ ಮುಖ ನೋಡ್ತಾನೆ. ದೇವ್ರು ಏನೂ ಅಂದ್ಕಳಲ್ಲ, ರೊಟ್ಟಿ ತಿಂದು ಹೋಗ್ರಿ.'

ಎರಡು ರೊಟ್ಟಿಯನ್ನು ನಿಂತೇ ತಿಂದು ಶೆಡ್ಡಿಗೆ ಓಡಿದೆ. ಗೂಟದಿಂದ ನೀಲಿ ಕೋಟು ಎಳೆದುಕೊಂಡು ಹಾಕಿಕೊಂಡೆ. ಮಷೀನಿನ ಹತ್ತಿರ ಆ ಕೋಟಿಲ್ಲದೆ ಹೋಗಬಾರದೆಂದು ಯಜಮಾನರ ಕಟ್ಟಪ್ಪಣೆ. ಪಿನ್ನುಗಳನ್ನೆಲ್ಲ ಕಿತ್ತೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಾರ್ಡಿಗೆ ಒಮ್ಮೆ ಕೈ ಮುಗಿದು ಮಗುಚಿದೆ. ಹದಿನಾಲ್ಕು ಪಿನ್ನು ಮತ್ತೆ ನಿಂತವು. ಬೋರ್ಡು ಒಳಗೆ ಹೋಯಿತು. ಟಕ್ ಟಕ್ ಟಕ್ ಟಕ್. ಟಿಕ್ ಬರಲೇ ಇಲ್ಲ. ಶಬಾನಕ್ಕ ಮೊದಲ ಬೋರ್ಡನ್ನು ಗಾಜಿನ ಕೆಳಗಿಟ್ಟು ನೋಡಿದರು, ತಿರುಗಿಸಿ ನೋಡಿದರು, ಗಾಜನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ಕೆಂಪು ಚೀಟಿಗಳ ಸುರುಳಿಯನ್ನು ಮೇಜಿನ ಆಚೆಗೆ ಸರಿಸಿದರು. ಹತ್ತು ಬೋರ್ಡು, ಇಪ್ಪತ್ತು, ಮೂವತ್ತು. ಮಷೀನಿನ ಸದ್ದು ನನಗೆ ಮಾವನ ಮಗ್ಗದ ಸದ್ದಿನಂತೆಯೇ ಕೇಳಿಸಿತು. ಮಹೇಶಪ್ಪನವರು ಬಂದು ನೋಡಿ, ಮೂಲೆಯ ಬೆಂಚಿನ ಮೇಲೆ ಡಬ್ಬಗಳನ್ನು ಮತ್ತೆ ಜೋಡಿಸಿಟ್ಟರು. ನನಗೆ ಅದೂ ಅರ್ಥವಾಯಿತು.

ನಾಲ್ಕು ಗಂಟೆಗೆ ಪಾರ್ಟಿಯ ಇಂಜಿನಿಯರು ಬಂದರು. ಓದಿದವರು, ಕಡಿಮೆ ಮಾತಿನವರು. ಐವತ್ತೂ ಬೋರ್ಡು ತಿರುವಿಹಾಕಿ ನೋಡಿದರು. ಮಷೀನಿನ ಹತ್ತಿರ ಬಂದು ಕಾರ್ಡನ್ನು ಎತ್ತಿದರು. ಹಾಸಿನ ಮೂಲೆಯಲ್ಲಿ ಕುಂಕುಮದ ಒಂದು ಗುರುತು ಮೂಡಿತ್ತು.

'ಇದು ಚೆನ್ನಾಗಿದೆ. ಯಾರು ಮಾಡಿದ್ದು?' ಎಂದರು.

ಮಹೇಶಪ್ಪನವರು ನನ್ನ ಕಡೆ ಕೈ ತೋರಿಸಿದರು. ಶಬಾನಕ್ಕ ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಗಾಜಿನಲ್ಲಿ ಅವರ ಒಂದು ಕಣ್ಣು ಬಟ್ಟಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಆ ಕಣ್ಣಿನ ಮುಂದೆ ಪೂರ್ತಿ ಸುಳ್ಳು ಹೇಳಲು ಧೈರ್ಯ ಸಾಲದೆ, 'ಮೊಳಕಾಲ್ಮೂರಿನಾಗೆ ನಮ್ಮ ಮಾವ ತೂತು ಹೊಡೆದ್ರು ಸರ್' ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಏಳನೇ ಕ್ಲಾಸಿನವನ ಮುಂದೆ ಇಂಜಿನಿಯರೊಬ್ಬರು ಕಿವಿಗೊಟ್ಟು ನಿಂತಿರುವುದು ದಿನಾ ಆಗುವ ಮಾತಲ್ಲ. ಎದೆ ತಾನಾಗಿಯೇ ಉಬ್ಬಿತು. 'ಇದರಾಗೆ ದೊಡ್ಡದೇನಿಲ್ಲ ಸರ್' ಎಂದು ಮುಂದುವರಿಸಿದೆ. 'ಮುಖ ಯಾವ್ದು, ಬೆನ್ನು ಯಾವ್ದು, ಅಷ್ಟು ತಿಳ್ಕಂಡಿದ್ರೆ ಸಾಕು. ಓದಿದೋರೂ ಸೈತ ಎಡವೋದು ಅಲ್ಲೇ. ಯಾವ್ದು ಒಳಗೆ, ಯಾವ್ದು ಹೊರಗೆ ಅಂತ ನೋಡ್ದೆ ಆತ್ರ ಬೀಳಬಾರ್ದು. ಈಗ ಒಂದು ಪಿನ್ನು ತೋರುಸ್ತೀನಿ ನೋಡ್ರಿ.'

ಯಾವಾಗಲೂ ಒಂದೆರಡು ಪಿನ್ನು ನನ್ನ ಕೋಟಿನ ಎದೆಯ ಜೇಬಿನಲ್ಲಿರುತ್ತವೆ. ಕೈ ಜೇಬಿಗೆ ಹೋಯಿತು. ಜೇಬಿರಲಿಲ್ಲ. ಪಕ್ಕದಲ್ಲಿ ತಡಕಿದೆ, ಅಲ್ಲಿಯೂ ಇರಲಿಲ್ಲ. ಬಗ್ಗಿ ನೋಡಿಕೊಂಡರೆ ಹೊಲಿಗೆಯ ದಾರಗಳು ಉದ್ದಕ್ಕೂ ನೇತಾಡುತ್ತಿವೆ, ದರ್ಜಿಯ ಚೀಟಿ ಕುತ್ತಿಗೆಯ ಹತ್ತಿರ ಎದ್ದು ನಿಂತಿದೆ, ಜೇಬು ಒಳಗಡೆ ನನ್ನ ಎದೆಗೆ ಅಂಟಿಕೊಂಡು ಬೆಚ್ಚಗೆ ಕೂತಿದೆ. ಮಧ್ಯಾಹ್ನದಿಂದ ಐವತ್ತು ಬೋರ್ಡು ಮುಗಿಯುವವರೆಗೆ ನಾನು ಕೋಟನ್ನು ಒಳಹೊರಗಾಗಿ ಹಾಕಿಕೊಂಡೇ ಓಡಾಡಿದ್ದೆ.

ಇಂಜಿನಿಯರು ಬಹಳ ಸಭ್ಯರು. ಬೋರ್ಡುಗಳನ್ನು ಮತ್ತೊಮ್ಮೆ ಎಣಿಸಲು ಶುರುಮಾಡಿದರು. ಮಹೇಶಪ್ಪನವರಿಗೆ ಕೆಮ್ಮು ಬಂತು. ಶಬಾನಕ್ಕ ಸುರುಳಿಯಿಂದ ಒಂದು ಕೆಂಪು ಚೀಟಿ ಬಿಡಿಸಿ, ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದರು.

'ಮಧ್ಯಾಹ್ನದಿಂದ ಒಂದೂ ಖರ್ಚಾಗಿಲ್ಲ ತಿಪ್ಪೇಶಣ್ಣ. ಇದನ್ನ ಎಲ್ಲಿ ಅಂಟಿಸ್ಲಿ ಅಂತ ನೀವೇ ಹೇಳಿ.'

'ಯಾವಾಗ ನೋಡಿದ್ರಿ?' ಎಂದೆ.

'ನೀವು ಬಂದಾಗ್ಲೇ. ಆದ್ರೆ ನಿಮ್ ಕೈಗೇ ಕಣ್ಣು ಐತಲ್ಲ, ನಾನ್ಯಾಕೆ ಹೇಳ್ಲಿ ಅಂತ ಸುಮ್ನಿದ್ದೆ.'

ನಾನು ಚೀಟಿಯನ್ನು ಇಸಕೊಂಡು ನನ್ನ ಎದೆಯ ಮೇಲೆ ನಾನೇ ಅಂಟಿಸಿಕೊಂಡೆ. ಚೆನ್ನಾಗಿ ಹಿಡಿಯಲೆಂದು ನಟ್ಟನಡುವೆ ಹೆಬ್ಬೆರಳಿಟ್ಟು ಒತ್ತಿ ನೋಡಿದೆ. ಎದೆ ಸ್ವಲ್ಪ ಬಗ್ಗಿತು.